ಸ್ಮಾರ್ಟ್ ತೂಕದ ಮಷಿನ್: ಯಾವ ಅಂಕಿಗೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಹೋದ ವರ್ಷ ಒಂದು ತೂಕದ ಮಷಿನ್‌ಗೆ 9,000 ರೂಪಾಯಿ ಕೊಟ್ಟೆ. ಮನೆಯಲ್ಲಿ ಆಗಲೇ 700 ರೂಪಾಯಿಯದು ಒಂದಿತ್ತು, ಚೆನ್ನಾಗೇ ಕೆಲಸ ಮಾಡುತ್ತಿತ್ತು. ಆದರೆ ಹೊಸದು ಬರೀ ತೂಕ ಹೇಳುವುದಿಲ್ಲವಂತೆ. ಮೈಯಲ್ಲಿ ಕೊಬ್ಬೆಷ್ಟು, ಸ್ನಾಯು ಎಷ್ಟು, ಮೂಳೆ ಎಷ್ಟು, ನೀರೆಷ್ಟು, ಕೊನೆಗೆ ನಿಮ್ಮ ದೇಹದ ‘ಅಸಲಿ ವಯಸ್ಸು’ ಎಷ್ಟು ಅಂತಲೂ ಹೇಳುತ್ತದೆ ಎಂದು ಡಬ್ಬದ ಮೇಲೆ ಬರೆದಿತ್ತು. ನಾನು ಬಿದ್ದದ್ದು ಆ ಅಸಲಿ ವಯಸ್ಸಿಗೆ.

ತಂದ ದಿನ ಅಮ್ಮನನ್ನು ಹತ್ತಿಸಿದೆ. ತೂಕ 61.2 ಅಂತ ಬಂತು. ಉಳಿದ ಜಾಗದಲ್ಲೆಲ್ಲ ಬರೀ ಅಡ್ಡಗೆರೆ. ಇಳಿಸಿ ಮತ್ತೆ ಹತ್ತಿಸಿದೆ. ಮತ್ತೆ ಅಡ್ಡಗೆರೆ. ವರ್ಷಗಟ್ಟಲೆ ಬರಿಗಾಲಲ್ಲಿ ಅಂಗಳ, ಹಿತ್ತಲು ತಿರುಗಿದ ಪಾದ. ಹಿಮ್ಮಡಿ ಒಡೆದು ಚರ್ಮ ಗಟ್ಟಿಯಾಗಿದೆ. ಮಷಿನ್ ಬಿಡುವ ಸಣ್ಣ ಕರೆಂಟು ಆ ಒಣ ಚರ್ಮ ದಾಟಿ ಒಳಗೆ ಹೋಗುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಪಾದ ಒರೆಸಿ ನಿಲ್ಲಿಸಿದ ಮೇಲೆ ಮೊಬೈಲಿನಲ್ಲಿ 14 ಅಂಕಿ ಬಂದವು. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿದಳು. ಆಮೇಲೆ ಕೇಳಿದಳು: “ಮುಂಚೆ ರೈಲ್ವೆ ಸ್ಟೇಷನ್‌ನಲ್ಲಿ ಕಾಸು ಹಾಕಿದ್ರೆ ರಟ್ಟಿನ ಚೀಟಿ ಬರ್ತಿತ್ತಲ್ಲ, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಇದೂ ಹಂಗೇನಾ?”

ಆವತ್ತು ನಕ್ಕುಬಿಟ್ಟೆ. ವರ್ಷ ಕಳೆದ ಮೇಲೆ ಅನಿಸುತ್ತಿದೆ, ಅಮ್ಮ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ ಇತ್ತು. ನೀವೂ ಇಂಥದ್ದೊಂದು ತರುವ ಯೋಚನೆಯಲ್ಲಿದ್ದರೆ ನಾನು ದುಡ್ಡು ಕೊಟ್ಟು ಕಲಿತದ್ದನ್ನು ಇಲ್ಲಿ ಸುಮ್ನೆ ಓದಿಕೊಳ್ಳಿ.

ಹೆಜ್ಜೆ 1: ಮಷಿನ್ ಯಾವುದನ್ನು ಅಳೆಯುತ್ತದೆ, ಯಾವುದನ್ನು ಊಹಿಸುತ್ತದೆ ಅಂತ ತಿಳಿದುಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಇದು. ಇದೊಂದು ಗೊತ್ತಿದ್ದರೆ ಉಳಿದ ಲೆಕ್ಕ ನಿಮಗೇ ಹೊಳೆಯುತ್ತದೆ.

ತೂಕದ ವಿಷಯ ಸರಳ. ಮಷಿನ್‌ನ ನಾಲ್ಕು ಮೂಲೆಗಳಲ್ಲಿ ಒಂದೊಂದು ಸೆನ್ಸರ್ ಇರುತ್ತದೆ. ಅದರೊಳಗಿನ ಲೋಹದ ಪಟ್ಟಿ ನಿಮ್ಮ ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಎಷ್ಟು ಬಾಗಿತು ಅನ್ನುವುದರ ಮೇಲೆ ತೂಕ ಗೊತ್ತಾಗುತ್ತದೆ. ಇದು ಹಳೆಯ, ಪಳಗಿದ ತಂತ್ರ. 700 ರೂಪಾಯಿಯ ಮಷಿನ್‌ನಲ್ಲೂ ಇದೇ, 30,000ದ್ದರಲ್ಲೂ ಇದೇ.

ಕೊಬ್ಬಿನ ವಿಷಯ ಬೇರೆ. ಗಾಜಿನ ಮೇಲೆ ಸ್ಟೀಲಿನ ನಾಲ್ಕು ಬಿಲ್ಲೆಗಳು ಕಾಣುತ್ತವಲ್ಲ (ಕೆಲವು ಹೊಸ ಮಾಡೆಲ್‌ಗಳಲ್ಲಿ ಬಿಲ್ಲೆ ಕಾಣುವುದಿಲ್ಲ, ಗಾಜಿಗೇ ಪಾರದರ್ಶಕ ಲೇಪ ಇರುತ್ತದೆ), ಅದರ ಮೂಲಕ ಒಂದು ಪಾದದಿಂದ ಸಣ್ಣ ಕರೆಂಟು ಬಿಡುತ್ತಾರೆ. ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ. ನಮಗೆ ಏನೂ ಗೊತ್ತಾಗುವುದಿಲ್ಲ. ಅದು ಒಂದು ಕಾಲಿನಲ್ಲಿ ಮೇಲೆ ಹತ್ತಿ, ತೊಡೆಸಂದಿ ದಾಟಿ, ಇನ್ನೊಂದು ಕಾಲಿನಲ್ಲಿ ಇಳಿದು ಬರುತ್ತದೆ. ದಾರಿಯಲ್ಲಿ ಎಷ್ಟು ತಡೆ ಸಿಕ್ಕಿತು ಅಂತ ಮಷಿನ್ ನೋಡುತ್ತದೆ. ಸ್ನಾಯುವಿನಲ್ಲಿ ಮುಕ್ಕಾಲು ಭಾಗ ನೀರು, ಅದರಲ್ಲಿ ಉಪ್ಪಿನಂಶ. ಕರೆಂಟು ಸಲೀಸಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ತಡೆ ಜಾಸ್ತಿ. ಇದಕ್ಕೆ ಬಯೋಇಂಪೀಡೆನ್ಸ್ ಅಂತ ಹೆಸರು.

ಹೀಗೆ ಸಿಗುವುದು ಒಂದೇ ಒಂದು ಅಂಕಿ. ಕೆಲವು ನೂರು ಓಮ್ ತಡೆ, ಅಷ್ಟೇ. ಅದಕ್ಕೆ ನೀವು ಆ್ಯಪ್‌ನಲ್ಲಿ ತುಂಬಿದ ಎತ್ತರ, ವಯಸ್ಸು, ಗಂಡೋ ಹೆಣ್ಣೋ, ಜೊತೆಗೆ ತೂಕ ಸೇರಿಸಿ ಫಾರ್ಮುಲಾಗೆ ಹಾಕುತ್ತಾರೆ. ಅದರಿಂದ ಮೈಯಲ್ಲಿ ನೀರೆಷ್ಟು ಅಂತ ಅಂದಾಜು. ಕೊಬ್ಬಿಲ್ಲದ ಭಾಗದಲ್ಲಿ ಸುಮಾರು ಶೇ. 73 ನೀರು ಅನ್ನುವ ಲೆಕ್ಕದಲ್ಲಿ ಕೊಬ್ಬಿಲ್ಲದ ತೂಕದ ಅಂದಾಜು. ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಕೊಬ್ಬು. ಮೂಳೆಯ ತೂಕ? ಅದೂ ಫಾರ್ಮುಲಾ. ಈ ಕರೆಂಟು ಮೂಳೆಯನ್ನು ಬಿಡಿಯಾಗಿ ತೂಗಿ ನೋಡುವುದಿಲ್ಲ. ಹೊಟ್ಟೆಯೊಳಗಿನ ಕೊಬ್ಬು? ಕಾಲಿನಿಂದ ಕಾಲಿಗೆ ಹೋಗುವ ಕರೆಂಟು ಹೊಟ್ಟೆಯ ಕಡೆ ತಲೆ ಹಾಕುವುದೇ ಅಪರೂಪ. ಆದರೂ ಅಂಕಿ ಬರುತ್ತದೆ. ಅಳೆದದ್ದು ಎರಡು, ತೋರಿಸಿದ್ದು ಹತ್ತಾರು.

ನಂಬಿಕೆ ಬರದಿದ್ದರೆ ನಾನು ಒಂದು ಭಾನುವಾರ ಮಾಡಿದ್ದನ್ನು ನೀವೂ ಮಾಡಿ ನೋಡಿ. ಬೆಳಿಗ್ಗೆ 6:30ಕ್ಕೆ ಖಾಲಿ ಹೊಟ್ಟೆಯಲ್ಲಿ ಹತ್ತಿದೆ: 78.4 ಕೆಜಿ, ಕೊಬ್ಬು ಶೇ. 27.1. ಆ್ಯಪ್‌ನಲ್ಲಿ ನನ್ನ ಎತ್ತರ 168 ಇದ್ದದ್ದನ್ನು 173 ಸೆಂಟಿಮೀಟರ್ ಮಾಡಿ ಮತ್ತೆ ಹತ್ತಿದೆ. ಕೊಬ್ಬು 24.3ಕ್ಕೆ ಇಳಿಯಿತು. ವಯಸ್ಸು 46 ಇದ್ದದ್ದನ್ನು 36 ಮಾಡಿದೆ. ‘ದೇಹದ ವಯಸ್ಸು’ 51 ಇದ್ದದ್ದು 40 ಆಯಿತು! ಕೊನೆಗೆ ಸೆಟ್ಟಿಂಗ್‌ನಲ್ಲಿ ‘ಅಥ್ಲೀಟ್’ ಅನ್ನುವ ಗುಂಡಿ ಒತ್ತಿದೆ. ಕೊಬ್ಬು 19.8. ಐದು ನಿಮಿಷದಲ್ಲಿ, ಬನಿಯನ್ ಕೂಡ ಒದ್ದೆಯಾಗದೆ, ಐದಾರು ಕೆಜಿ ಕೊಬ್ಬು ಕರಗಿತು.

ಆಮೇಲೆ ಎಲ್ಲವನ್ನೂ ಮೊದಲಿನಂತೆ ಸರಿಮಾಡಿದೆ. ನಾಲ್ಕು ಇಡ್ಲಿ, ಒಂದು ವಡೆ, ಕಾಫಿ, ಎರಡು ಲೋಟ ನೀರು ಆದ ಮೇಲೆ ಹತ್ತಿದರೆ 79.3 ಕೆಜಿ, ಶೇ. 27.6. ಸಂಜೆ ಮುಕ್ಕಾಲು ಗಂಟೆ ಬಿರುಸಾಗಿ ನಡೆದು ಬಂದು, ಕಾಲು ತೊಳೆದು ಹತ್ತಿದರೆ 78.7 ಕೆಜಿ, ಶೇ. 24.9. ಮೈ ಬಿಸಿಯಾಗಿದೆ, ಪಾದ ಹಸಿಯಾಗಿದೆ, ಹಗಲೆಲ್ಲ ಓಡಾಡಿ ನೀರಿನಂಶ ಕಾಲಿಗಿಳಿದಿದೆ. ಕರೆಂಟು ಸಲೀಸಾಗಿ ಹರಿಯಿತು, ಮಷಿನ್ ಅದನ್ನೇ ‘ಕೊಬ್ಬು ಕಡಿಮೆ’ ಅಂತ ಓದಿತು. ಲೆಕ್ಕ ಹಾಕಿದರೆ ಇಡ್ಲಿ ತಿಂದಾಗಿನಿಂದ ಸಂಜೆಯೊಳಗೆ 2.3 ಕೆಜಿ ಕೊಬ್ಬು ಮಾಯ.

ಈಗ ಇದರ ಪಕ್ಕ ಇನ್ನೊಂದು ಲೆಕ್ಕ ಇಟ್ಟು ನೋಡಿ. ನನ್ನ ತೂಕದವರು ಮೂರು ತಿಂಗಳು ಕಷ್ಟಪಟ್ಟು, ಸ್ನಾಯು ಉಳಿಸಿಕೊಂಡು 3 ಕೆಜಿ ಕೊಬ್ಬು ಇಳಿಸಿದರು ಅಂದುಕೊಳ್ಳಿ. ಶೇ. 27 ಇದ್ದದ್ದು 24ರ ಆಸುಪಾಸಿಗೆ ಬರುತ್ತದೆ. ಮೂರು ತಿಂಗಳ ಬೆವರು ಮತ್ತು ಒಂದು ಭಾನುವಾರದ ಏರಿಳಿತ ಹೆಚ್ಚುಕಡಿಮೆ ಒಂದೇ ಅಳತೆ. ಹಾಗಿದ್ದ ಮೇಲೆ ಬೆಳಿಗ್ಗೆ ಎದ್ದು ‘ನಿನ್ನೆಗಿಂತ 0.4 ಇಳಿದಿದೆ’ ಅಂತ ಹಿಗ್ಗುವುದರಲ್ಲಿ ಏನಿದೆ ಹೇಳಿ.

ಇದು ನನ್ನೊಬ್ಬನ ಮಾತಲ್ಲ. 2021ರಲ್ಲಿ ಪ್ಯಾರಿಸ್‌ನ ವೈದ್ಯರು ಮೂರು ಸ್ಮಾರ್ಟ್ ಮಷಿನ್‌ಗಳನ್ನು ಡೆಕ್ಸಾ ಸ್ಕ್ಯಾನ್ (ಎಕ್ಸ್‌ರೇ ಬಿಟ್ಟು ಮೈಯ ಕೊಬ್ಬು, ಮೂಳೆ ಅಳೆಯುವ ಸ್ಕ್ಯಾನ್) ಜೊತೆ ಹೋಲಿಸಿ ನೋಡಿದ್ದರು. ತೂಕದಲ್ಲಿ ಮೂರೂ ಪಾಸು. ಕೊಬ್ಬು, ಸ್ನಾಯುವಿನ ಲೆಕ್ಕದಲ್ಲಿ ಮಾತ್ರ ರೋಗಿಗಳಿಗೆ ಬಳಸುವಷ್ಟು ನಿಖರತೆ ಇಲ್ಲ ಅಂದರು.

ಹೆಜ್ಜೆ 2: ಯಾಕೆ ಬೇಕು ಅಂತ ನಿಮ್ಮನ್ನೇ ಕೇಳಿಕೊಳ್ಳಿ

‘ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) ಸುಳ್ಳು ಹೇಳುತ್ತೆ, ಕೊಬ್ಬಿನ ಶೇಕಡಾ ನೋಡ್ಬೇಕು’ ಅಂತ ಜಿಮ್‌ನವರು ಹೇಳಿರುತ್ತಾರೆ. ಆ ಮಾತಿನಲ್ಲಿ ಹುರುಳಿದೆ, ಅದರಲ್ಲೂ ನಮ್ಮವರ ವಿಷಯದಲ್ಲಿ. 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರುಗಳ ಫೋಟೋ ಬಂದಿತ್ತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್‌ಕಿನ್. ಇಬ್ಬರದೂ ಬಿಎಂಐ 22.3, ಕೂದಲೆಳೆ ವ್ಯತ್ಯಾಸವಿಲ್ಲ. ಆದರೆ ಯುಡ್‌ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ನೋಡಲು ತೆಳ್ಳಗಿದ್ದರೂ ಹೊಟ್ಟೆಯ ಒಳಗೆ ಕೊಬ್ಬು ತುಂಬಿಕೊಂಡಿರುವ ‘ತೆಳ್ಳಗಿನ ದಪ್ಪ’ ಭಾರತೀಯರ ಕಥೆಯನ್ನು ಒಂದೇ ಚಿತ್ರದಲ್ಲಿ ಹೇಳಿದ್ದರು. ನಮ್ಮಲ್ಲಿ ಬಿಎಂಐ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ವೈದ್ಯರು 2009ರಲ್ಲಿ ಗೆರೆ ಎಳೆದದ್ದೂ ಇದೇ ಕಾರಣಕ್ಕೆ.

ಹಾಗಾದರೆ ಕೊಬ್ಬು ಅಳೆಯುವ ಮಷಿನ್ ನಮಗೇ ಹೆಚ್ಚು ಬೇಕು ಅಲ್ವಾ? ಇಲ್ಲೇ ಎಡವಟ್ಟು. ಆ ಡಾಕ್ಟರುಗಳ ಕೊಬ್ಬನ್ನು ಅಳೆದದ್ದು ಡೆಕ್ಸಾ ಸ್ಕ್ಯಾನ್. ನಮ್ಮ ಸಮಸ್ಯೆ ಇರುವುದು ಹೊಟ್ಟೆಯಲ್ಲಿ, ನಾಲ್ಕು ಬಿಲ್ಲೆಯ ಮನೆ ಮಷಿನ್ ನೋಡುವುದು ಕಾಲನ್ನು. ಸಣ್ಣ ಕಾಲು, ದೊಡ್ಡ ಹೊಟ್ಟೆಯ ನಮ್ಮ ಮೈಕಟ್ಟಿಗೆ ಅದು ತಪ್ಪು ಕಡೆ ಟಾರ್ಚ್ ಬಿಟ್ಟ ಹಾಗೆ. ಜೊತೆಗೆ ಯಾವ ದೇಶದ ಜನರನ್ನು ಅಳೆದು ಆ ಫಾರ್ಮುಲಾ ಮಾಡಿದರು ಅಂತ ಡಬ್ಬದ ಮೇಲೆ ಬರೆದದ್ದನ್ನು ನಾನಂತೂ ನೋಡಿಲ್ಲ.

ಆದ್ದರಿಂದ ನಿಮ್ಮ ಅಗತ್ಯ ನೋಡಿ. ತೂಕ ಇಳಿಸಬೇಕು, ದಿನಾ ಬರೆದಿಡಲು ಬೇಜಾರು ಅನ್ನುವವರಿಗೆ ತೂಕ ತಾನಾಗಿ ಮೊಬೈಲಿಗೆ ಹೋಗುವ ಮಷಿನ್ ನಿಜವಾಗಿ ಉಪಯೋಗ. ಮನೆಯಲ್ಲಿ ಹಾರ್ಟ್ ಫೇಲ್ಯೂರ್ ಇರುವವರು ಇದ್ದರೆ ಡಾಕ್ಟರು ದಿನಾ ತೂಕ ನೋಡಲು ಹೇಳಿರುತ್ತಾರೆ. ಮೂರು ದಿನದಲ್ಲಿ 2 ಕೆಜಿಗಿಂತ ಜಾಸ್ತಿ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಅರ್ಥ, ಕೂಡಲೇ ಫೋನ್ ಮಾಡಬೇಕು. ಡಯಾಲಿಸಿಸ್‌ನವರಿಗೂ ತೂಕವೇ ಮುಖ್ಯ. ಇಂಥವರಿಗೆ ಬೇಕಾದದ್ದು ದೊಡ್ಡ ಅಕ್ಷರದ, ನಂಬಿಕೆಯ ಸಾದಾ ಮಷಿನ್.

ಪೇಸ್‌ಮೇಕರ್ ಹಾಕಿಸಿಕೊಂಡವರು ಕರೆಂಟು ಬಿಡುವ ಮಷಿನ್ ಹತ್ತಲೇಬಾರದು. ಗರ್ಭಿಣಿಯರಿಗೂ ಬೇಡ ಅಂತ ಕೈಪಿಡಿಯಲ್ಲೇ ಬರೆದಿರುತ್ತಾರೆ. ಕೆಲವು ಮಾಡೆಲ್‌ಗಳಲ್ಲಿ ಬರೀ ತೂಕ ನೋಡುವ ಸೆಟ್ಟಿಂಗ್ ಇರುತ್ತದೆ, ಅದು ಇದೆಯಾ ಅಂತ ಕೇಳಿ ತಗೊಳ್ಳಿ. ಇನ್ನೊಂದು ಮಾತು, ಯಾರೂ ಕೇಳದಿದ್ದರೂ ಹೇಳುತ್ತೇನೆ: ಹೈಸ್ಕೂಲು ಓದುವ ಮಗಳಿರುವ ಮನೆಯಲ್ಲಿ ಈ ಮಷಿನ್ ನಡುಮನೆಯಲ್ಲಿ ಇಡಬೇಡಿ.

ಹೆಜ್ಜೆ 3: ಬೆಲೆಯ ಮೆಟ್ಟಿಲಲ್ಲಿ ಎಲ್ಲಿ ನಿಲ್ಲಬೇಕು

ಸಾದಾ ಡಿಜಿಟಲ್ ಮಷಿನ್ 500ರಿಂದ 1,000 ರೂಪಾಯಿಗೆ ಸಿಗುತ್ತದೆ. ಬ್ಲೂಟೂತ್ ಇರುವ, ನಾಲ್ಕು ಬಿಲ್ಲೆಯ ಸ್ಮಾರ್ಟ್ ಮಷಿನ್ ಸುಮಾರು 1,200ರಿಂದ 3,000. ಕೈಯಲ್ಲಿ ಹಿಡಿಯುವ ಹಿಡಿಕೆ ಇದ್ದು ಎಂಟು ಕಡೆಯಿಂದ ಕರೆಂಟು ಬಿಡುವಂಥದ್ದಕ್ಕೆ ಅದಕ್ಕಿಂತ ಎರಡು ಮೂರು ಪಟ್ಟು. ವೈಫೈ, ಇಸಿಜಿ, ಬಣ್ಣದ ಸ್ಕ್ರೀನ್ ಎಲ್ಲ ಸೇರಿದ ವಿದೇಶಿ ಮಾಡೆಲ್‌ಗಳು 10,000 ದಾಟಿ ಎಲ್ಲೋ ಹೋಗುತ್ತವೆ.

ನನ್ನ ಅಭಿಪ್ರಾಯ ಸ್ಪಷ್ಟ: ಬಹಳ ಜನಕ್ಕೆ ಎರಡನೇ ಮೆಟ್ಟಿಲು ಸಾಕು, ಅದರ ಮೇಲೆ ಹತ್ತುವುದು ಬೇಡ. 1,500 ರೂಪಾಯಿಯದು ಕೊಡುವ ತೂಕವೂ 15,000 ರೂಪಾಯಿಯದು ಕೊಡುವ ತೂಕವೂ ಒಂದೇ. 50 ಗ್ರಾಂ ವ್ಯತ್ಯಾಸ ತೋರಿಸುವ ಮಾಡೆಲ್‌ಗಳು 2,000 ರೂಪಾಯಿಯೊಳಗೇ ಬಂದಿವೆ.

ಹಿಡಿಕೆ ಇರುವುದು ಉತ್ತಮವಾ? ತತ್ವದಲ್ಲಿ ಹೌದು. ಕೈಯಿಂದ ಕಾಲಿಗೆ ಕರೆಂಟು ಹೋಗುವಾಗ ನಡುವಿನ ಮೈಯನ್ನೂ ದಾಟುತ್ತದೆ, ಹಾಗಾಗಿ ಹೊಟ್ಟೆಯ ಭಾಗ ಪೂರ್ತಿ ಊಹೆ ಅಲ್ಲ. ಜಿಮ್‌ಗಳಲ್ಲಿ ನಿಲ್ಲಿಸಿ ಪ್ರಿಂಟ್ ಕೊಡುವ ದೊಡ್ಡ ಮಷಿನ್‌ಗಳೂ ಇದೇ ಜಾತಿ. ಭಾರ ಎತ್ತಿ ಸ್ನಾಯು ಬೆಳೆಸುವ ಹುಚ್ಚಿರುವವರು, ವರ್ಷಗಟ್ಟಲೆ ಲೆಕ್ಕ ಇಡುವವರು ತಗೊಂಡರೆ ತಪ್ಪಿಲ್ಲ. ಆದರೆ ನೀರು, ಊಟ, ಬೆವರಿನ ಆಟ ಅದರಲ್ಲೂ ತಪ್ಪಿದ್ದಲ್ಲ. ನನ್ನ 9,000ದ್ದು ಇದೇ ಜಾತಿ, ಮೇಲೆ ಹೇಳಿದ ಭಾನುವಾರದ ಆಟವನ್ನೆಲ್ಲ ಅದರಲ್ಲೇ ಆಡಿದ್ದು.

ಹೆಜ್ಜೆ 4: ತಂದ ವಾರದಲ್ಲೇ ಪರೀಕ್ಷೆ ಮಾಡಿ

ಆನ್‌ಲೈನ್ ಅಂಗಡಿಗಳಲ್ಲಿ ವಾಪಸ್ ಮಾಡಲು ವಾರವೋ ಹತ್ತು ದಿನವೋ ಸಮಯ ಇರುತ್ತದೆ. ಡಬ್ಬ ಬಿಸಾಡಬೇಡಿ.

ಮೊದಲು ಜಾಗ. ಗಟ್ಟಿ ನೆಲ ಬೇಕು: ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್, ಯಾವುದಾದರೂ. ಕಾರ್ಪೆಟ್, ಚಾಪೆ ಬೇಡ. ನಾಲ್ಕು ಕಾಲೂ ನೆಲಕ್ಕೆ ಕೂತಿರಬೇಕು. ಎರಡು ಟೈಲ್ಸ್ ಸೇರುವ ಗೆರೆಯ ಮೇಲೆ ಒಂದು ಕಾಲು ಬಿದ್ದರೂ ಅಲುಗಾಡುತ್ತದೆ. ಮೂರು ಸಲ ಇಳಿದು ಹತ್ತಿ. ಮೂರೂ ಸಲ 100 ಗ್ರಾಂ ಒಳಗೆ ಬಂದರೆ ಸರಿ.

ಆದರೆ ಇದರಲ್ಲೊಂದು ಕಳ್ಳಾಟ ಇದೆ. ಕೆಲವು ಮಷಿನ್‌ಗಳು ಹಿಂದಿನ ತೂಕವನ್ನು ನೆನಪಿಟ್ಟುಕೊಂಡು, ಹೊಸ ತೂಕ ಅದಕ್ಕೆ ಹತ್ತಿರ ಇದ್ದರೆ ಹಳೆಯದನ್ನೇ ತೋರಿಸುತ್ತವೆ. ‘ಎಷ್ಟು ಸಲ ಹತ್ತಿದರೂ ಒಂದೇ ಬರುತ್ತೆ, ಎಷ್ಟು ನಿಖರ!’ ಅಂತ ನಾವು ಮೆಚ್ಚುತ್ತೇವೆ. ಹಿಡಿಯುವುದು ಸುಲಭ. ಒಮ್ಮೆ ಹತ್ತಿ ತೂಕ ನೋಡಿ. ಕಾಲು ಲೀಟರ್ ನೀರಿರುವ ಬಾಟಲಿ ಹಿಡಿದು ಹತ್ತಿ. ಸುಮಾರು 250 ಗ್ರಾಂ ಏರಬೇಕು. ಏರದಿದ್ದರೆ, ಒಂದು ಲೀಟರ್ ಹಿಡಿದಾಗ ಮಾತ್ರ ಒಮ್ಮೆಲೇ ಜಿಗಿದರೆ, ಆ ಮಷಿನ್ ನಿಮಗೆ ಸಮಾಧಾನ ಹೇಳುತ್ತಿದೆ. ವಾಪಸ್ ಕಳಿಸಿ.

ಇನ್ನು ಒಟ್ಟಾರೆ ತೂಕ ಸರಿಯಿದೆಯಾ ಅಂತ ನೋಡಲು ಮನೆಯಲ್ಲೇ ಸಾಮಾನಿದೆ. ಒಡೆಯದ ಅಕ್ಕಿ ಮೂಟೆ ತಗೊಳ್ಳಿ. ಮೊದಲು ನೀವೊಬ್ಬರೇ ಹತ್ತಿ, ಆಮೇಲೆ ಮೂಟೆ ತಬ್ಬಿಕೊಂಡು ಹತ್ತಿ, ವ್ಯತ್ಯಾಸ ನೋಡಿ. ಚೀಲದ ಮೇಲೆ 25 ಇದೆಯೋ 26 ಇದೆಯೋ ಮರೆಯದೆ ಓದಿ. 2022ರ ಜುಲೈಯಲ್ಲಿ 25 ಕೆಜಿವರೆಗಿನ ಪ್ಯಾಕಿಗೆ ಜಿಎಸ್‌ಟಿ ಬಿದ್ದ ಮೇಲೆ 26 ಕೆಜಿ ಚೀಲ ಬಂದಿದೆ. ನಾನು ಅದನ್ನು ನೋಡದೆ ಮಷಿನ್‌ನಲ್ಲಿ ಒಂದು ಕೆಜಿ ತಪ್ಪಿದೆ ಅಂತ ಕಸ್ಟಮರ್ ಕೇರ್‌ನವರ ಜೊತೆ ಅರ್ಧ ಗಂಟೆ ಜಗಳ ಆಡಿದೆ. ಸೊಂಟ ನೋವಿರುವವರು ಈ ಪರೀಕ್ಷೆಯನ್ನು ಮಗನಿಂದ ಮಾಡಿಸಿ. ಗ್ಯಾಸ್ ಸಿಲಿಂಡರ್‌ನಿಂದಲೂ ಆಗುತ್ತದೆ: ಸೀಲ್ ಒಡೆಯದ ಮನೆ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್, ಜೊತೆಗೆ ಹಿಡಿಕೆಯ ಪಟ್ಟಿಯ ಮೇಲೆ ಬರೆದ ಖಾಲಿ ತೂಕ. ಆದರೆ ಗಾಜಿನ ಮೇಲೆ ಸಿಲಿಂಡರ್ ಕುಕ್ಕಿದರೆ ಪರೀಕ್ಷೆಯೂ ಮುಗಿಯುತ್ತದೆ, ಮಷಿನ್ನೂ ಮುಗಿಯುತ್ತದೆ.

ಅರ್ಧ ಕೆಜಿ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದಿನಾ ಒಂದೇ ರೀತಿ ತಪ್ಪು ಹೇಳುವ ಮಷಿನ್ ಪರವಾಗಿಲ್ಲ. ದಿನಕ್ಕೊಂದು ರೀತಿ ಹೇಳುವುದು ಬೇಡ.

ಹೆಜ್ಜೆ 5: ದಿನಾ ಹತ್ತಿ, ವಾರಕ್ಕೊಮ್ಮೆ ಯೋಚಿಸಿ

ಬೆಳಿಗ್ಗೆ ಎದ್ದು, ಟಾಯ್ಲೆಟ್‌ಗೆ ಹೋಗಿ ಬಂದು, ಕಾಫಿಗೆ ಮುಂಚೆ, ತೆಳುವಾದ ಬಟ್ಟೆಯಲ್ಲಿ. ದಿನಾ ಇದೇ ಹೊತ್ತು. ಪಾದ ಒಣಗಿರಲಿ, ತೀರಾ ಒಡೆದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಏನೇ ಮಾಡಿದರೂ ದಿನಾ ಅದನ್ನೇ ಮಾಡಿ.

ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ನನ್ನ ಪುಸ್ತಕದಿಂದ ಒಂದು ವಾರ, ಸೋಮವಾರದಿಂದ: 78.4, 78.9, 78.1, 78.6, 79.3, 78.8, 78.2. ಗುರುವಾರ ರಾತ್ರಿ ಒಂದು ರಿಸೆಪ್ಷನ್ ಇತ್ತು, ಶುಕ್ರವಾರದ 79.3 ಅದರ ಫಲ. ಏಳನ್ನೂ ಕೂಡಿಸಿ ಏಳರಿಂದ ಭಾಗಿಸಿದರೆ 78.6. ಮುಂದಿನ ವಾರದ ಸರಾಸರಿ 78.3. ಅಂದರೆ ನಿಜವಾಗಿ ಇಳಿದದ್ದು 300 ಗ್ರಾಂ, ವಾರದೊಳಗಿನ ಕುಣಿತ 1.2 ಕೆಜಿ. ಸರಾಸರಿ ತೆಗೆಯದಿದ್ದರೆ ಈ 300 ಗ್ರಾಂ ಕಾಣುತ್ತಲೇ ಇರಲಿಲ್ಲ. ಆ್ಯಪ್ ಈ ಕೆಲಸ ತಾನೇ ಮಾಡಿಕೊಡುತ್ತದೆ, ಸ್ಮಾರ್ಟ್ ಅನ್ನುವ ಪದಕ್ಕೆ ನಾನು ಬೆಲೆ ಕೊಡುವುದು ಇಷ್ಟಕ್ಕೆ.

ಹಬ್ಬದ ಮಾರನೇ ದಿನ ಒಂದೂವರೆ ಕೆಜಿ ಏರಿದರೆ ಗಾಬರಿ ಬೇಡ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ತುಪ್ಪ ಹಾಕಿದ ಹೋಳಿಗೆ 300 ಕ್ಯಾಲೊರಿ ಅಂತ ಇಟ್ಟುಕೊಂಡರೂ ಒಂದೂವರೆ ಕೆಜಿ ಕೊಬ್ಬಿಗೆ, ದಿನದ ಊಟದ ಮೇಲೆ ಹೆಚ್ಚುವರಿಯಾಗಿ 38ಕ್ಕೂ ಹೆಚ್ಚು ಹೋಳಿಗೆ ತಿನ್ನಬೇಕು. ನೀವು ಅಷ್ಟು ತಿಂದಿಲ್ಲ. (ತಿಂದಿದ್ದರೆ ನಮಸ್ಕಾರ.) ಅದು ಉಪ್ಪು ಹಿಡಿದಿಟ್ಟ ನೀರು, ಹೊಟ್ಟೆಯಲ್ಲಿ ಇನ್ನೂ ಕರಗದ ಊಟ, ಮತ್ತು ಗ್ಲೈಕೋಜನ್. ನಾವು ತಿಂದ ಪಿಷ್ಟವನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ; ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಅನ್ನ, ಮುದ್ದೆ ಬಿಟ್ಟು ಡಯಟ್ ಶುರು ಮಾಡಿದ ಮೊದಲ ವಾರ ಎರಡು ಕೆಜಿ ಸರಕ್ಕನೆ ಇಳಿಯುವುದೂ ಇದೇ ನೀರು ಹೋದಾಗ. ಆ ವಾರದ ಸ್ಕ್ರೀನ್‌ಶಾಟ್ ಫ್ಯಾಮಿಲಿ ಗ್ರೂಪಿಗೆ ಹಾಕುವ ಮುಂಚೆ ಇನ್ನೊಂದು ಮೂರು ವಾರ ಕಾಯಿರಿ.

ಕೊಬ್ಬಿನ ಶೇಕಡಾ ತಿಂಗಳಿಗೊಮ್ಮೆ ನೋಡಿದರೆ ಸಾಕು. ಮೂರು ನಾಲ್ಕು ತಿಂಗಳು ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ಏನೋ ಇದೆ ಅಂತ ಅರ್ಥ. ಬೇರೆ ಮಷಿನ್‌ನ ಅಂಕಿ ಜೊತೆ ಹೋಲಿಸಬೇಡಿ. ಜಿಮ್‌ಗೆ ಸೇರುವ ದಿನ ಸಂಜೆ ಊಟ, ಕಾಫಿ ಆದ ಮೇಲೆ ಅಳೆದು, ಮೂರು ತಿಂಗಳ ನಂತರ ಬೆಳಿಗ್ಗೆ ವರ್ಕೌಟ್ ಮುಗಿದ ಮೇಲೆ ಅಳೆದು ‘ನೋಡಿ ಸರ್ ರಿಸಲ್ಟ್’ ಅಂದರೆ, ಹೊತ್ತು ಯಾವುದು ಅಂತ ಕೇಳಿ.

ಹೆಜ್ಜೆ 6: ಟೈಲರ್ ಟೇಪು ತನ್ನಿ

20 ರೂಪಾಯಿಯ ಟೇಪು ನನ್ನ 9,000 ರೂಪಾಯಿಯ ಮಷಿನ್‌ಗಿಂತ ಹೊಟ್ಟೆಯ ಕೊಬ್ಬಿನ ವಿಷಯ ಚೆನ್ನಾಗಿ ಹೇಳುತ್ತದೆ. ಯಾಕಂದರೆ ಅದು ಹೊಟ್ಟೆಯನ್ನೇ ಮುಟ್ಟುತ್ತದೆ.

ಪಕ್ಕೆಲುಬಿನ ಕೊನೆಯ ಎಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡನ್ನೂ ಬೆರಳಿನಿಂದ ಹುಡುಕಿ. ಅದರ ಮಧ್ಯದಲ್ಲಿ ಟೇಪು ಸುತ್ತಿ, ನೆಲಕ್ಕೆ ಸಮನಾಗಿ. ಉಸಿರು ಮಾಮೂಲಿಯಾಗಿ ಬಿಟ್ಟ ಮೇಲೆ ಓದಿ. ಹೊಟ್ಟೆ ಎಳೆದುಕೊಳ್ಳಬೇಡಿ, ಯಾರೂ ನೋಡುತ್ತಿಲ್ಲ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ‘ನಂದು ಪ್ಯಾಂಟ್ ಸೈಜ್ 34, ಅಂದ್ರೆ 86’ ಅಂತ ಲೆಕ್ಕ ಹಾಕಬೇಡಿ. ಪ್ಯಾಂಟು ನಾವು ಕಟ್ಟುವುದು ಹೊಟ್ಟೆಯ ಕೆಳಗೆ. ನಾನೂ ಹಾಗೇ ಅಂದುಕೊಂಡಿದ್ದೆ, ಟೇಪು 97 ಅಂದಿತು.

ಟೇಪೂ ಇಲ್ಲವಾ? ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಎರಡು ಮಡಿಕೆ ಮಾಡಿ, ಹೊಟ್ಟೆಯ ಸುತ್ತ ತನ್ನಿ. ತುದಿಗಳು ಸೇರದಿದ್ದರೆ ಹೊಟ್ಟೆ ಜಾಸ್ತಿ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಅಂತ ವೈದ್ಯಕೀಯ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಸಲಹೆ ಕೊಟ್ಟಿದೆ. 2025ರಲ್ಲಿ ಲ್ಯಾನ್ಸೆಟ್ ಆಯೋಗವೂ ಬಿಎಂಐ ಒಂದನ್ನೇ ನಂಬಬೇಡಿ, ಸೊಂಟದ ಅಳತೆಯಂಥದ್ದನ್ನೂ ನೋಡಿ ಅಂದಿತು.

ಅಪ್ಪ ಅಮ್ಮನ ಸ್ನಾಯು ಕರಗುತ್ತಿದೆಯಾ ಅನ್ನುವ ಚಿಂತೆ ಇದ್ದರೆ ಅದಕ್ಕೂ ಮಷಿನ್ ಬೇಡ, ಕುರ್ಚಿ ಸಾಕು. ಗೋಡೆಗೆ ಒತ್ತಿ ಇಟ್ಟ ಕುರ್ಚಿಯಲ್ಲಿ, ಕೈ ಎದೆಯ ಮೇಲೆ ಕಟ್ಟಿಕೊಂಡು, ಐದು ಸಲ ಎದ್ದು ಕೂರಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಿ. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ, ಅಥವಾ ಮೀನಖಂಡದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ, ಡಾಕ್ಟರ ಹತ್ತಿರ ಮಾತಾಡಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೇಳಿದ ಗೆರೆಗಳು ಇವು. ಅಮ್ಮನಿಗೆ 11 ಸೆಕೆಂಡ್ ಆಯಿತು. ನನಗೆ ಎಷ್ಟಾಯಿತು ಅಂತ ಬರೆಯುವುದಿಲ್ಲ.

ಹೆಜ್ಜೆ 7: ನಿಜವಾಗಿ ಕೊಬ್ಬೆಷ್ಟು ಅಂತ ತಿಳಿಯಲೇಬೇಕು ಅಂದರೆ

ವರ್ಷಕ್ಕೊಮ್ಮೆ ಡೆಕ್ಸಾ ಮಾಡಿಸಿ. ದುಬಾರಿ ಮಷಿನ್‌ಗೆ ಹಾಕುವ ದುಡ್ಡು ಅದಕ್ಕೆ ಹಾಕಿದರೆ ಚೆನ್ನ. ಎರಡು ಬಗೆಯ ಎಕ್ಸ್‌ರೇ ಬಿಟ್ಟು ಮೂಳೆ, ಕೊಬ್ಬು, ಉಳಿದದ್ದು ಅಂತ ಬಿಡಿಬಿಡಿಯಾಗಿ ತೋರಿಸುತ್ತದೆ. ಕೈಯಲ್ಲೆಷ್ಟು, ಹೊಟ್ಟೆಯಲ್ಲೆಷ್ಟು ಅಂತಲೂ ಬರುತ್ತದೆ. ವಿಕಿರಣ ಎದೆಯ ಎಕ್ಸ್‌ರೇಗಿಂತ ಕಡಿಮೆ. ಬುಕ್ ಮಾಡುವಾಗ ಒಂದು ವಿಷಯ ಸರಿಯಾಗಿ ಕೇಳಿ. ನಮ್ಮಲ್ಲಿ ಡೆಕ್ಸಾ ಅಂದರೆ ಸಾಮಾನ್ಯವಾಗಿ ಸೊಂಟ, ಬೆನ್ನುಮೂಳೆಯ ಸವಕಳಿ ನೋಡುವ ಸ್ಕ್ಯಾನ್. ನಿಮಗೆ ಬೇಕಾದದ್ದು ‘ಹೋಲ್ ಬಾಡಿ ಕಾಂಪೊಸಿಷನ್’. ಈ ಪದ ಹೇಳದಿದ್ದರೆ ಮೂಳೆಯ ರಿಪೋರ್ಟ್ ಹಿಡಿದು ಮನೆಗೆ ಬರುತ್ತೀರಿ. ಆ ದಿನ ಬೆಳಿಗ್ಗೆ ಮನೆಯ ಮಷಿನ್ ಮೇಲೂ ಹತ್ತಿ ಅಂಕಿ ಬರೆದಿಡಿ, ನಿಮ್ಮದು ಎಷ್ಟು ಸುಳ್ಳು ಹೇಳುತ್ತದೆ ಅಂತ ಗೊತ್ತಾಗುತ್ತದೆ.

ಹೆಜ್ಜೆ 8: ಆ್ಯಪ್‌ಗೆ ಕೀಲಿ ಕೊಡುವ ಮುಂಚೆ

ಮಷಿನ್ ಹತ್ತು ವರ್ಷ ಬಾಳುತ್ತದೆ, ಆ್ಯಪ್ ಬಾಳುವುದಿಲ್ಲ. ಅಮೆರಿಕದ ಅಂಡರ್ ಆರ್ಮರ್ ಕಂಪನಿ 2016ರಲ್ಲಿ ತೂಕದ ಮಷಿನ್ ಸೇರಿದ ಹೆಲ್ತ್‌ಬಾಕ್ಸ್ ಅನ್ನು 400 ಡಾಲರ್‌ಗೆ ಮಾರಿತು. 2020ರಲ್ಲಿ ಅದರ ಆ್ಯಪ್ ನಿಲ್ಲಿಸಿತು. ಕೊಂಡವರ ಬಳಿ ಉಳಿದದ್ದು ಬರೀ ತೂಕ ತೋರಿಸುವ ತಟ್ಟೆ. ಆದ್ದರಿಂದ ಮೊಬೈಲ್ ಇಲ್ಲದೆಯೂ ಮಷಿನ್ ಮೇಲೇ ತೂಕ ಕಾಣುತ್ತದೆಯಾ ಅಂತ ನೋಡಿ. ಅಂಕಿಗಳನ್ನೆಲ್ಲ ಒಂದು ಫೈಲ್ ಆಗಿ ಇಳಿಸಿಕೊಳ್ಳಲು ಬರುತ್ತದೆಯಾ ನೋಡಿ. ಆಂಡ್ರಾಯ್ಡ್‌ನಲ್ಲಿ ಓಪನ್‌ಸ್ಕೇಲ್ ಅನ್ನುವ ಉಚಿತ ಆ್ಯಪ್ ಇದೆ. ಬೇರೆ ಬೇರೆ ಕಂಪನಿಗಳ ಎಷ್ಟೋ ಮಷಿನ್‌ಗಳ ಜೊತೆ ಕೆಲಸ ಮಾಡುತ್ತದೆ. ಖಾತೆ ತೆರೆಯಿರಿ ಅನ್ನುವುದಿಲ್ಲ, ಅಂಕಿ ನಿಮ್ಮ ಫೋನಿನಲ್ಲೇ ಇರುತ್ತದೆ.

ತೂಕ ನೋಡಲು ಲೊಕೇಷನ್ ಯಾಕೆ ಕೇಳುತ್ತದೆ ಅಂತ ಹಲವರಿಗೆ ಅನುಮಾನ. ಆಂಡ್ರಾಯ್ಡ್ 12ಕ್ಕಿಂತ ಹಳೆಯ ಫೋನುಗಳಲ್ಲಿ ಬ್ಲೂಟೂತ್ ಸಾಧನ ಹುಡುಕಲು ಆ ಅನುಮತಿ ಬೇಕೇ ಬೇಕಿತ್ತು. ಹೊಸ ಫೋನಿನಲ್ಲೂ ಕೇಳಿದರೆ ಕೊಡಬೇಡಿ. ಕಾಂಟ್ಯಾಕ್ಟ್ಸ್ ಕೇಳಿದರಂತೂ ಖಂಡಿತ ಬೇಡ.

ಈ ಮಷಿನ್‌ಗಳು ಯಾರು ಹತ್ತಿದರು ಅಂತ ಗುರುತಿಸುವುದು ತೂಕದಿಂದಲೇ. ನಿಮ್ಮ ಮತ್ತು ಹೆಂಡತಿಯ ತೂಕ ಹತ್ತಿರ ಹತ್ತಿರ ಇದ್ದರೆ ಒಬ್ಬರ ಅಂಕಿ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಭಾವಮೈದ ಬಂದು ಎರಡು ದಿನ ಇದ್ದು ಹೋದ ಮೇಲೆ ನನ್ನ ಗ್ರಾಫಿನಲ್ಲಿ ಒಂದು ಗುಡ್ಡ ಎದ್ದಿತ್ತು. ವಾರ ಪೂರ್ತಿ ಚಿಂತೆ ಮಾಡಿದೆ. ನೆಂಟರು ಬಂದಾಗ ಬ್ಲೂಟೂತ್ ಆಫ್ ಮಾಡಿಡಿ.

ನನ್ನ ಮಷಿನ್ ಇನ್ನೂ ಇದೆ, ಮಾರಲು ಹೋದರೆ 2,000 ಕೂಡ ಕೊಡುವುದಿಲ್ಲ ಅಂದರು. ವಿಮಾನಕ್ಕೆ ಹೋಗುವ ಮುಂಚೆ ಸೂಟ್‌ಕೇಸ್ ತೂಗಲು ಒಳ್ಳೆಯದಾಗುತ್ತದೆ. ಅಮ್ಮ ಈಗ ಪಾದ ಒರೆಸದೆಯೇ ಹತ್ತುತ್ತಾಳೆ. ತೂಕ ಬರುತ್ತದೆ, ಕೆಳಗೆ ಅಡ್ಡಗೆರೆ ಬರುತ್ತದೆ. “ಅರ್ಧ ಕೆಜಿ ಇಳ್ದಿದೀನಿ” ಅಂತ ಕ್ಯಾಲೆಂಡರಿನಲ್ಲಿ ಆವತ್ತಿನ ಚೌಕದೊಳಗೆ ಪೆನ್ಸಿಲಿನಿಂದ ಬರೆದು, ಹಾಲು ಕಾಯಿಸಲು ಹೋಗುತ್ತಾಳೆ.